ಕಪ್ತಾನ ಫಿಟ್ಜ್‌ರಾಯ್ ಸಾವಿನ ಕುರಿತು ಸ್ಪಷ್ಟನೆ

ಡಾರ್ವಿನ್ನನ ವಿಕಾಸವಾದಕ್ಕೆ ತಾನೇ ದಾರಿಮಾಡಿಕೊಟ್ಟೆನೆಂಬ ಪಶ್ಚಾತ್ತಾಪದಿಂದ ‘ಬೀಗಲ್’ ಹಡಗಿನ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಆ ಹಡಗಿನಲ್ಲೇ ಆತ್ಮಹತ್ಯೆ ಮಾಡಿಕೊಂಡನೆಂಬ ಬರಹವೊಂದು ಹರಿದಾಡುತ್ತಿದೆ. ಇದರಲ್ಲಿ ಇಬ್ಬರು ಕಪ್ತಾನರ ಬದುಕು ಬೆರೆತುಹೋಗಿದೆ. 1828ರಲ್ಲಿ, ದಕ್ಷಿಣ ಅಮೆರಿಕದ ತುದಿಯಲ್ಲಿರುವ ಮೆಗೆಲನ್ ಜಲಸಂಧಿಯ ಸಮೀಕ್ಷೆಯ ಕಾಲದಲ್ಲಿ ಹಾಗೆ ಪ್ರಾಣ ಕಳೆದುಕೊಂಡವನು ಬೀಗಲ್‌ನ ಹಿಂದಿನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್. ಡಾರ್ವಿನ್ ಆ ಹಡಗನ್ನೇರಿದ್ದು 1831ರಲ್ಲಿ.

ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡದ್ದು ನಿಜ, ಆದರೆ 1865ರ ಏಪ್ರಿಲ್ 30ರಂದು, ಲಂಡನ್ ಬಳಿಯ ತನ್ನ ಮನೆಯಲ್ಲಿ. ವಿಕಾಸವಾದವನ್ನು ಆತ 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಬಹಿರಂಗವಾಗಿಯೇ ವಿರೋಧಿಸಿದ್ದನಾದರೂ, ಸಾವಿಗೆ ಅದೊಂದನ್ನೇ ಕಾರಣವೆನ್ನಲು ಆಧಾರವಿಲ್ಲ. ಖಿನ್ನತೆ, ಕುಗ್ಗಿದ ಆರೋಗ್ಯ, ಕರಗಿದ ಆಸ್ತಿ ಇವೆಲ್ಲ ಆತನನ್ನು ಕಾಡುತ್ತಿದ್ದವು. ಜೊತೆಗೆ ಆತ ನೀಡುತ್ತಿದ್ದ ಹವಾಮಾನ ಮುನ್ಸೂಚನೆಗಳು ತಪ್ಪಿದಾಗಲೆಲ್ಲ ಎದುರಿಸಬೇಕಾಗಿದ್ದ ಟೀಕೆ.

ಡಾರ್ವಿನ್ನನ ನೆರಳಿನಲ್ಲಿ ಮರೆಯಾಗುವುದೇ ಈ ಮುನ್ಸೂಚನೆಯ ಕೆಲಸ. 1843ರಿಂದ 1845ರವರೆಗೆ ನ್ಯೂಜಿಲೆಂಡ್‌ನ ಗವರ್ನರನಾಗಿದ್ದ ಫಿಟ್ಜ್‌ರಾಯ್, 1854ರಲ್ಲಿ ಬ್ರಿಟನ್ನಿನ ಹೊಸ ಹವಾಮಾನ ವಿಭಾಗದ ಮುಖ್ಯಸ್ಥನಾದ. 1859ರಲ್ಲಿ ‘ರಾಯಲ್ ಚಾರ್ಟರ್’ ಹಡಗು ವೇಲ್ಸ್ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು ನೂರಾರು ಜನ ಸತ್ತ ಮೇಲೆ, ತಂತಿಯ ಮೂಲಕ ಕರಾವಳಿಯ ಠಾಣೆಗಳಿಂದ ಮಾಹಿತಿ ತರಿಸಿ ಬಂದರುಗಳಿಗೆ ಮುನ್ನೆಚ್ಚರಿಕೆ ಕಳಿಸುವ ವ್ಯವಸ್ಥೆಯನ್ನು 1861ರಲ್ಲಿ ಆರಂಭಿಸಿದ. ಬ್ರಿಟನ್ನಿನ ಹಡಗುಗಳಿಗಾಗಿ ಬಿತ್ತರವಾಗುವ ಹವಾಮಾನ ವರದಿಯ ಒಂದು ಸಮುದ್ರವಲಯಕ್ಕೆ 2002ರಿಂದ ಆತನದೇ ಹೆಸರಿದೆ.