ಈ ಸಲ ಸಂಗೀತವಂತೆ!

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಲಂಡನ್ನಿನ ಟೋನಿ ಜೇಮ್ಸ್ ಆ ಕುಲಾವಿಯನ್ನು ಒಳ್ಳೇ ರೇಟಿಗೆ ಮಾರಿಯೂ ಬಿಟ್ಟ.

ಹಾಡುಗಾರ ಬಿಲ್ಲಿ ಐಡಲ್ ಜೊತೆ ಈತ ಇದ್ದ ಜನರೇಷನ್ ಎಕ್ಸ್ ಎಂಬ ರಾಕ್ ಬ್ಯಾಂಡು 1981ರಲ್ಲಿ ಒಡೆದಿತ್ತು. ಸುಮ್ನೆ ಕೂರುವ ಆಸಾಮಿಯಲ್ಲ. ಹೊಸ ಬ್ಯಾಂಡು ಕಟ್ಟಿದ. ಹೆಸರು ಸಿಗ್ ಸಿಗ್ ಸ್ಪುಟ್ನಿಕ್. ಆಳುಗಳನ್ನು ಆರಿಸುವಾಗ ನೋಡಿದ್ದು ಮುಖ, ಬಟ್ಟೆ, ಮುಖ್ಯವಾಗಿ ಕೂದಲು. ನುಡಿಸೋಕೆ ಬರುತ್ತಾ ಅನ್ನೋದು ಆಮೇಲಿನ ಮಾತು. ಹಾಡುಗಾರ ಮಾರ್ಟಿನ್ ಡೆಗ್ವಿಲ್ ಮೊದಲು ಬಟ್ಟೆ ವ್ಯಾಪಾರದಲ್ಲಿದ್ದವನು. ಡ್ರಮ್ಮರುಗಳು ಇಬ್ಬರು, ಒಬ್ಬ ಸಾಲದು ನೋಡಿ.

1985ರಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಇವರ ಜೊತೆ ಒಪ್ಪಂದ ಮಾಡಿಕೊಂಡಿತು. 40 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ನಿಜವಾದ ಮೊತ್ತ ಅದಕ್ಕಿಂತ ಎಷ್ಟೋ ಕಮ್ಮಿ. ಆದರೆ ಕಮ್ಮಿ ದುಡ್ಡಿನ ಸುದ್ದಿಯನ್ನು ಯಾರು ಓದುತ್ತಾರೆ, ಅಲ್ವಾ?

1986ರಲ್ಲಿ ಮೊದಲ ಹಾಡು ಬಂತು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನ! ಅದರ ಹಿಂದೆಯೇ ಆಲ್ಬಮ್. ನಿರ್ಮಾಪಕ ಆಸ್ಕರ್ ಗೆದ್ದ ಜಾರ್ಜಿಯೊ ಮೊರೊಡರ್. ಅದೆಲ್ಲ ಇರಲಿ, ಹಾಡು ಹಾಡಿನ ನಡುವಿನ ಖಾಲಿ ಜಾಗವನ್ನು ಇವರು ಜಾಹೀರಾತಿಗೆ ಮಾರಿದರು. ರೇಡಿಯೊದಲ್ಲಿ ಅಲ್ಲ, ಜನ ದುಡ್ಡು ಕೊಟ್ಟು ಕೊಂಡ ರೆಕಾರ್ಡಿನಲ್ಲೇ! ಊಟಕ್ಕೆ ಕೂತವನ ಎಲೆಗೆ ಪಲ್ಯಕ್ಕೂ ಸಾರಿಗೂ ಮಧ್ಯೆ ಒಡವೆ ಅಂಗಡಿಯ ಕರಪತ್ರ ಬಡಿಸಿದ ಹಾಗೆ. ತಲೆಗೂದಲಿಗೆ ಹಚ್ಚುವುದನ್ನೆಲ್ಲ ಮಾರುವ ಲೋರಿಯಾಲ್ ಕಂಪನಿ ಜಾಗ ಕೊಂಡಿತು. ಆ ತಲೆಗಳನ್ನು ನೋಡಿದ ಮೇಲೆ ಕೊಳ್ಳದೆ ಇರಲಾದೀತೇ? ಐಡಿ ಎಂಬ ಫ್ಯಾಷನ್ ಪತ್ರಿಕೆಯೂ ಬಂತು. ಆದರೂ ಜಾಗ ಮಿಕ್ಕಿತು. ಅಲ್ಲಿ ತಮ್ಮದೇ ಜಾಹೀರಾತು ತುರುಕಿದರು. ಇಲ್ಲದ ಕಂಪ್ಯೂಟರ್ ಗೇಮಿಗೂ ಒಂದು!

ಎರಡನೇ ಹಾಡು 20ನೇ ಸ್ಥಾನಕ್ಕೆ ನಿಂತಿತು. ಕುಲಾವಿಯನ್ನು ಜನ ಎಷ್ಟು ಸಲ ತಾನೇ ನೋಡುತ್ತಾರೆ?

ಆಮೇಲೆ ಎರಡನೇ ಆಲ್ಬಮ್ ಬಂತು. ಪ್ರಚಾರಕ್ಕೆ ಬಳಸಿದ ಮಾತು: "ಈ ಸಲ ಸಂಗೀತ." ಹಾಗಾದರೆ ಹೋದ ಸಲ ಕೊಟ್ಟಿದ್ದೇನು ಸ್ವಾಮಿ? ಆ ಆಲ್ಬಮ್ಮಿನ ಒಂದು ಹಾಡಿನ ಹೆಸರು 'ಯಶಸ್ಸು'. ಯಶಸ್ಸಿಗೆ ಸಿಕ್ಕಿದ್ದು 31ನೇ ಸ್ಥಾನ. ಸಂಗೀತ ಕೊಡುತ್ತೇವೆ ಅಂದ ಕೂಡಲೇ ಜನ ಮನೆ ಕಡೆ ಹೊರಟಿದ್ದರು.

1989ರಲ್ಲಿ ಬ್ಯಾಂಡು ಮುಗಿಯಿತು. ಟೋನಿ ಜೇಮ್ಸ್ ಇನ್ನೊಬ್ಬರು ಕಟ್ಟಿದ ಬ್ಯಾಂಡು ಸೇರಿಕೊಂಡ. ಒಬ್ಬ ಡ್ರಮ್ಮರೂ ಬೇರೆ ಕಡೆ ಕೆಲಸ ಹುಡುಕಿಕೊಂಡ. ಆ ಮೊದಲ ರೆಕಾರ್ಡನ್ನು ಇವತ್ತು ಹಾಕಿದರೂ ಜಾಹೀರಾತು ಮಾತ್ರ ತಪ್ಪದೆ ಬರುತ್ತದೆ. ಒಮ್ಮೆ ಕೊಟ್ಟ ದುಡ್ಡಿಗೆ ಇಷ್ಟು ವರ್ಷದ ಪ್ರಚಾರ. ಇಡೀ ವ್ಯವಹಾರದಲ್ಲಿ ಗಿಟ್ಟಿದ್ದು ಲೋರಿಯಾಲಿಗೆ ಒಂದಕ್ಕೇ ಇರಬೇಕು.