ಕ್ರೇನ್ ಕೆಟ್ಟಿದೆ, ತರಬೇತಿ ಚೆನ್ನಾಗಿತ್ತು

ಕರಾವಳಿಯ ಒಂದು ಬಂದರಿನಲ್ಲಿ ಮೊನ್ನೆ ಮೂರು ದಿನ ತರಬೇತಿ. ಬಂದರಿನ ಹೆಸರು ಬೇಡ, ಊಟ ಹಾಕಿದ್ದಾರೆ. ವಿಷಯ, ಆಧುನಿಕ ಕಂಟೇನರ್ ಕ್ರೇನ್‌ಗಳ ನಿರ್ವಹಣೆ. ಜಾಗ, ಕ್ರೇನ್ ಕಾಣದ ಎ.ಸಿ. ಹಾಲ್.

ಯಾರನ್ನು ಕಳಿಸುವುದು ಎಂಬುದೇ ಮೊದಲ ತಲೆನೋವು. ಕ್ರೇನ್ ಕೆಟ್ಟು ನಿಂತಿತ್ತು, ಫಿಟ್ಟರ್‌ಗಳನ್ನು ಬಿಡುವಂತಿಲ್ಲ. ಎಲೆಕ್ಟ್ರಿಷಿಯನ್ ಹೋದರೆ ಶಿಫ್ಟ್ ನಡೆಯುವುದಿಲ್ಲ. ಕೊನೆಗೆ ಯಾರಿಲ್ಲದಿದ್ದರೂ ನಡೆಯುತ್ತದೋ ಅವರನ್ನೇ ಆರಿಸಿದರು. ಟಪಾಲು ವಿಭಾಗದ ಇಬ್ಬರು, ಕ್ಯಾಂಟೀನ್ ಲೆಕ್ಕ ಬರೆಯುವವರೊಬ್ಬರು, ಬರುವ ತಿಂಗಳು ನಿವೃತ್ತಿಯಾಗುವ ನಾಲ್ವರು. ಕುರ್ಚಿ ಖಾಲಿ ಕಾಣಬಾರದೆಂದು ನಾನು.

ಮೇಷ್ಟ್ರು 1956ರಿಂದ ಶುರು ಮಾಡಿದರು. ಆ ವರ್ಷ ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಮಧ್ಯಾಹ್ನದ ಊಟದ ಹೊತ್ತಿಗೂ ಅದು ಹ್ಯೂಸ್ಟನ್ ಮುಟ್ಟಿರಲಿಲ್ಲ.

ಊಟದ ನಂತರ ಡಿಜಿಟಲ್ ಟ್ವಿನ್. ಅಂದರೆ ಕಂಪ್ಯೂಟರ್ ಒಳಗೆ ಇನ್ನೊಂದು ಕ್ರೇನ್. "ಹೊರಗಿನದ್ದೇ ನಡೆಯುವುದಿಲ್ಲ ಮಾರಾಯ್ರೆ, ಒಳಗಿನದ್ದನ್ನು ಯಾರು ನೋಡುವುದು?" ಎಂದು ಪಕ್ಕದವರು ಪಿಸುಗುಟ್ಟಿದರು.

ಅಷ್ಟರಲ್ಲಿ ನನಗೆ ನಿದ್ದೆ ಬಂತು. ಸುಮ್ನೆ ಎದ್ದು ಹೊರಗೆ ಹೋದೆ. ಧಕ್ಕೆಯ ಮೇಲೆ ಹಿರಿಯ ಫಿಟ್ಟರ್ ಒಬ್ಬರು ವೈರ್ ರೋಪಿಗೆ ಬಟ್ಟೆ ಸುತ್ತಿ ನಿಧಾನ ಎಳೆಯುತ್ತಿದ್ದರು. ಕಡಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ರೋಪಿನ ದಪ್ಪದ ಎಂಟು ಪಟ್ಟು ಉದ್ದದಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಎಳೆ ಕಡಿದಿದ್ದರೆ ಆ ರೋಪ್ ಬಳಸಬಾರದು. ಇದನ್ನು ಅವರು ಎರಡು ನಿಮಿಷದಲ್ಲಿ ಹೇಳಿದರು. ಸ್ಲೈಡೂ ಇಲ್ಲ, ಹ್ಯೂಸ್ಟನ್ನೂ ಇಲ್ಲ.

"ಕ್ರೇನಿಗೆ ಎಂತ ಆದದ್ದು ಅಣ್ಣಾ?" ಎಂದೆ. ಕಂಟೇನರಿನ ನಾಲ್ಕು ಮೂಲೆ ಹಿಡಿಯುವ ಸ್ಪ್ರೆಡರಿನಲ್ಲಿ ಒಂದು ಸ್ವಿಚ್ ಉಪ್ಪುಗಾಳಿಗೆ ತುಕ್ಕು ಹಿಡಿದಿದೆ. ಮೂರು ಮೂಲೆ ಸರಿ ಇದ್ದರೂ ನಾಲ್ಕನೆಯದು ಹೌದು ಅನ್ನದೆ ಕ್ರೇನ್ ಎತ್ತುವುದಿಲ್ಲ. ಸ್ವಿಚ್ ಬದಲಿಸಿಯೂ ಆಯಿತು. ಆದರೆ ಕಂಪ್ಯೂಟರಿನಲ್ಲಿ ಫಾಲ್ಟ್ ಅಳಿಸಲು ಪಾಸ್‌ವರ್ಡ್ ಬೇಕು. ಅದು ಕ್ರೇನ್ ಕಂಪನಿಯ ಎಂಜಿನಿಯರ್ ಹತ್ತಿರ ಇದೆ. ಎಂಜಿನಿಯರ್ ಎಲ್ಲಿ? ಒಳಗೆ ಡಿಜಿಟಲ್ ಟ್ವಿನ್ ಪಾಠ ಮಾಡುತ್ತಿದ್ದಾರೆ.

ಮೂರನೇ ದಿನ ಸರ್ಟಿಫಿಕೇಟ್ ಹಂಚಿದರು. ಈಗ ನಾನೂ ಕ್ರೇನ್ ನಿರ್ವಹಣೆಯಲ್ಲಿ ನುರಿತವನು. ಗ್ರೂಪ್ ಫೋಟೋಗೆ ಎಲ್ಲರನ್ನೂ ಅದೇ ಕ್ರೇನಿನ ಕೆಳಗೆ ನಿಲ್ಲಿಸಿದರು. ಫಿಟ್ಟರಣ್ಣ ಅಲ್ಲೇ ಹಳೇ ಸ್ವಿಚ್ ಕೈಯಲ್ಲಿ ಹಿಡಿದು ಕೂತಿದ್ದರು.

"ನೀವು ಸ್ವಲ್ಪ ಆಚೆ ಹೋಗಿ," ಎಂದರು ಫೋಟೋದವರು. "ಗ್ರೀಸ್ ಕಾಣ್ತದೆ."