ಸಾರಾ ವಿಂಚೆಸ್ಟರ್ ಅವರ ಮನೆಯಲ್ಲಿ ದೆವ್ವ ಹುಡುಕುವವರಿಗೆ

ಕಳೆದ ಶನಿವಾರ ಊರಿನಿಂದ ಬಂದ ನೆಂಟರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ವಿಂಚೆಸ್ಟರ್ ಬಂಗಲೆಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಮನೆಗೆ ಯಾರೇ ಬಂದರೂ ಅಲ್ಲಿಗೊಂದು ಭೇಟಿ ಇದ್ದೇ ಇರುತ್ತದೆ. ಅಂದು ನೆಂಟರ ಹುಡುಗನೊಬ್ಬ ತೋಟದಲ್ಲಿ ನಿಂತು, "ಬಂದೂಕಿನ ಗುಂಡಿಗೆ ಸತ್ತವರ ದೆವ್ವಗಳಿಗೆ ಹೆದರಿ, ಹುಚ್ಚು ಹಿಡಿದ ವಿಧವೆಯೊಬ್ಬಳು 38 ವರ್ಷ ಹಗಲೂ ರಾತ್ರಿ ಕಟ್ಟಿಸಿದ ಮನೆ ಇದು" ಎಂದು ವಿಡಿಯೊ ಮಾಡುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ಮನಸ್ಸು ಕುದಿಯುತ್ತಿದೆ. ಸಿಟ್ಟು ಹುಡುಗನ ಮೇಲಲ್ಲ, ನೂರು ವರ್ಷಗಳಿಂದ ಸಾಯದೆ ಉಳಿದಿರುವ ಆ ಕಥೆಯ ಮೇಲೆ.

ಆ ವಿಧವೆಯೇ ಸಾರಾ ವಿಂಚೆಸ್ಟರ್. ಅವರ ಒಬ್ಬಳೇ ಮಗಳು ಆನಿ 1866ರಲ್ಲಿ ಹುಟ್ಟಿ ಸುಮಾರು ಆರು ವಾರಗಳಲ್ಲಿ ತೀರಿಕೊಂಡಳು. 1880ರಲ್ಲಿ ತಾಯಿ ಹೋದರು, ಅದೇ ವರ್ಷದ ಕೊನೆಗೆ ವಿಂಚೆಸ್ಟರ್ ಬಂದೂಕಿನ ಕಂಪನಿಯ ಒಡೆಯರಾಗಿದ್ದ ಮಾವ ಹೋದರು, 1881ರ ಮಾರ್ಚ್‌ನಲ್ಲಿ ಗಂಡ ವಿಲಿಯಂ ಕ್ಷಯದಿಂದ ಹೋದರು. ಇಷ್ಟೆಲ್ಲ ಕಳೆದುಕೊಂಡ ಹೆಂಗಸು ಅಮೆರಿಕದ ಪೂರ್ವದ ಕನೆಕ್ಟಿಕಟ್ ರಾಜ್ಯ ಬಿಟ್ಟು ಬಂದು, 1886ರಲ್ಲಿ ಇಲ್ಲಿನ ಸಾಂಟಾ ಕ್ಲಾರಾ ಕಣಿವೆಯಲ್ಲಿ ಎಂಟು ಕೋಣೆಗಳ ಅರೆಬರೆ ಮನೆಯೊಂದನ್ನು ಕೊಂಡು, ಸುತ್ತಲೂ ಹಣ್ಣಿನ ತೋಟ ಮಾಡಿಸಿ, ಮನೆಯನ್ನು ತನಗೆ ಬೇಕಾದಂತೆ ಬೆಳೆಸುತ್ತ ಹೋದರು. ಅದು ಸುಮಾರು 160 ಕೋಣೆಗಳಾಯಿತು. ಹಣವುಳ್ಳ ವಿಧವೆ ಯಾರ ಅಪ್ಪಣೆಯನ್ನೂ ಕೇಳದೆ, ಯಾರನ್ನೂ ಮನೆಗೆ ಕರೆಯದೆ ಬದುಕಿದರೆ ಊರಿನವರ ಬಾಯಿ ಸುಮ್ಮನಿರುತ್ತದೆಯೇ? 1895ರ ಹೊತ್ತಿಗೇ ಸ್ಥಳೀಯ ಪತ್ರಿಕೆ ಅವರ ಬಗ್ಗೆ ಇಲ್ಲದ್ದನ್ನೆಲ್ಲ ಬರೆಯತೊಡಗಿತ್ತು.

ಕೆಲಸ ಒಂದು ದಿನವೂ ನಿಲ್ಲಲಿಲ್ಲ ಎನ್ನುವುದು ಸುಳ್ಳು; ಕೆಲಸಗಾರರನ್ನು ತಿಂಗಳುಗಟ್ಟಲೆ ಕಳುಹಿಸಿಬಿಡುತ್ತಿದ್ದರೆಂದು ಅವರ ಪತ್ರಗಳೇ ಹೇಳುತ್ತವೆ. ಸೂರಿಗೆ ತಾಗಿ ನಿಲ್ಲುವ ಮೆಟ್ಟಿಲು, ಗಾಳಿಗೆ ತೆರೆದುಕೊಳ್ಳುವ ಬಾಗಿಲುಗಳು ದೆವ್ವಗಳ ದಾರಿ ತಪ್ಪಿಸಲು ಮಾಡಿದವು ಎನ್ನುತ್ತಾರೆ. 1906ರ ಭೂಕಂಪದಲ್ಲಿ ಏಳು ಅಂತಸ್ತಿನ ಗೋಪುರವೇ ಕುಸಿದ ಮನೆ ಅದು. ಬಿದ್ದದ್ದನ್ನು ಮತ್ತೆ ಕಟ್ಟಿಸದೆ, ಉಳಿದದ್ದನ್ನು ಮುಚ್ಚಿಸಿಬಿಟ್ಟರೆ ಮೆಟ್ಟಿಲು ಇನ್ನೆಲ್ಲಿಗೆ ಹೋಗಬೇಕು?

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಈ ಕಥೆಯನ್ನು ಅಮ್ಮನಿಗೆ ಫೋನಿನಲ್ಲಿ ರಸವತ್ತಾಗಿ ಹೇಳಿದ್ದೆ. ಆಮೇಲೆ ಅಮ್ಮ ಬಂದರು. ಮಂಡಿನೋವಿನಿಂದ ನಮ್ಮ ಮನೆಯ ಮಹಡಿಯನ್ನೇ ಹತ್ತಲಾರದವರು, ಆ ಬಂಗಲೆಯ ಗಿಡ್ಡ ಮೆಟ್ಟಿಲುಗಳನ್ನು ಕೈಗಂಬಿ ಹಿಡಿದು ಸಲೀಸಾಗಿ ಹತ್ತಿಬಿಟ್ಟರು. ಒಂದೊಂದು ಮೆಟ್ಟಿಲೂ 2 ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೇ. ಏಳು ಸಲ ತಿರುಗಿ 44 ಮೆಟ್ಟಿಲು ಹತ್ತಿದರೂ ಏರುವುದು 9 ಅಡಿಯಷ್ಟೇ. ಮೇಲೆ ನಿಂತು ಅಮ್ಮ ಅಂದರು: "ದೆವ್ವಕ್ಕಲ್ಲ ಕಣೋ, ಮಂಡಿ ನೋಯ್ತಾ ಇದ್ದವರು ಕಟ್ಟಿಸಿದ್ದು ಇದು." ಸಾರಾ ಅವರಿಗೆ ಸಂಧಿವಾತವಿತ್ತು. ಅಷ್ಟೊಂದು ಓದಿಕೊಂಡಿದ್ದ ನನಗೆ ಅದು ಹೊಳೆದಿರಲಿಲ್ಲ.

ದೆವ್ವದ ಕಥೆ ಇಲ್ಲದಿದ್ದರೆ ಟಿಕೆಟ್ ಹೋಗುವುದಿಲ್ಲ, ಖಾಸಗಿಯವರ ಕೈಯಲ್ಲಿರುವ ಮನೆ ಉಳಿಯುವುದಿಲ್ಲ, ರಸ್ತೆಯಾಚೆಗೆ ಎದ್ದಿರುವ ಅಂಗಡಿ ಸಾಲುಗಳಂತೆ ಅಲ್ಲಿಯೂ ಏನೋ ಏಳುತ್ತಿತ್ತು ಎಂದು ಗೆಳೆಯರೊಬ್ಬರು ವಾದಿಸಿದರು. ಸಾರಾ 1922ರಲ್ಲಿ ತೀರಿಕೊಂಡ ಮರುವರ್ಷವೇ ಮನೆ ಪ್ರವಾಸಿಗರಿಗೆ ತೆರೆದುಕೊಂಡಿತೆಂಬುದೂ, ಆ ಹಣದಿಂದಲೇ ಬಾಳಿತೆಂಬುದೂ ನಿಜವಿರಬಹುದು. ಆದರೆ ಹೂಗಿಡಗಳ ಕೋಣೆಯಲ್ಲಿ ಚೆಲ್ಲಿದ ನೀರು ನೆಲದ ಹಲಗೆಯ ಕೆಳಗಿನ ತಗಡಿನ ಮೇಲೆ ಹರಿದು, ಕೊಳವೆಯಲ್ಲಿ ಹೊರಗಿನ ತೋಟಕ್ಕೆ ಹೋಗುವಂತೆ ಮಾಡಿಸಿದ ಹೆಂಗಸಿನ ಬುದ್ಧಿಯನ್ನು ನೋಡಲು ಜನ ದುಡ್ಡು ಕೊಡುವುದಿಲ್ಲವೇ? ಗಂಡನನ್ನು ಕೊಂದ ರೋಗದಿಂದ ನರಳುವವರಿಗಾಗಿ, ಗಂಡನ ಹೆಸರಿನಲ್ಲಿಯೇ ಕನೆಕ್ಟಿಕಟ್‌ನಲ್ಲಿ ಆಸ್ಪತ್ರೆ ಕಟ್ಟಲು ಹಣ ಕೊಟ್ಟವರನ್ನು ಹುಚ್ಚಿ ಎನ್ನದೆಯೂ ಮನೆ ತೋರಿಸಬಹುದು.

ಮುಂದಿನ ತಿಂಗಳು ಮತ್ತೆ ನೆಂಟರು ಬರುತ್ತಿದ್ದಾರೆ. ಈ ಸಲ ಕಾರಿನಲ್ಲಿ ಹೋಗುವಾಗಲೇ ಆನಿಯ ವಿಷಯ ಹೇಳುತ್ತೇನೆ.